ಕಾಕಾನ ರುಮಾಲು

ಕೆಂಪು ಬಾಳೆಹಣ್ಣು ಸುಲಿದರೆ ಈಗಲೂ ನನ್ನ ಮೂಗಿಗೆ ಹುಲ್ಲಿನ ಹೊಗೆಯ ವಾಸನೆ ಅಡರುತ್ತದೆ.

ನಿಜಾಮರ ಕಾಲ. ಕಮಲಾಪುರದ ನಮ್ಮ ತೋಟದಲ್ಲಿ ಬಾಳೆಗೊನೆಗಳನ್ನು ನೆಲದ ಕುಣಿಯಲ್ಲಿಟ್ಟು, ಹೊಗೆ ಹಾಕಿ ಹಣ್ಣು ಮಾಡುತ್ತಿದ್ದರು. ಕುಣಿಯ ಬಾಯಿ ಸಣ್ಣದು. ಹಣ್ಣು ತೆಗೆಯಲು ಮಕ್ಕಳೇ ಇಳಿಯಬೇಕು. ಆ ಮಧ್ಯಾಹ್ನ ಮೊದಲ ಸಲ ನನ್ನ ಸರದಿ. ಕಲಬುರಗಿಗೆ ಹಣ್ಣು ಒಯ್ಯುವ ಎತ್ತಿನ ಗಾಡಿ ಕಾಯುತ್ತಿತ್ತು. ಒಳಗಿನ ಕತ್ತಲೆ ಕಂಡು ನನ್ನ ಕಾಲುಗಳು ತಾವಾಗಿಯೇ ಹಿಂದೆ ಸರಿದವು.

"ಅಂಜೂದು ಅನ್ರಿ, ಅಳುಕೂದು ಅನ್ರಿ, ಹಿಂದೇಟು ಹಾಕೂದು ಅನ್ರಿ, ಎಲ್ಲಾ ಈಕಿಗೇ ಬರ್ತದ!" ಎಂದು ಕಾಕಾ ಆಳುಗಳ ಮುಂದೆ ನಕ್ಕ.

"ಹೊಗಿ ಎಲ್ಲಾ ಹೋಗೇದವ್ವಾ, ಇಳಿ," ಎಂದಳು ಅಜ್ಜಿ.

ಹಲ್ಲು ಕಚ್ಚಿ ಇಳಿದೆ. ಒಳಗೆ ಹುಲ್ಲು ಬೆಚ್ಚಗಿತ್ತು, ಹಣ್ಣು ಕೆನ್ನೆಯಷ್ಟು ಮೆತ್ತಗಿತ್ತು. ಮೊದಲ ಗೊನೆಯನ್ನು ಎತ್ತಿ ಕಾಕಾನ ಕೈಗೆ ಕೊಟ್ಟೆ. ಅದರೊಳಗೆ ಕೂತಿದ್ದ ಕಪ್ಪೆ ಅವನ ಎದೆಗೆ ಹಾರಿತು. ಕಾಕಾ ಚೀರಿ, ತಲೆಗೆ ಸುತ್ತಿದ್ದ ರುಮಾಲು ಬೀಳಿಸಿಕೊಂಡು, ಎತ್ತಿನ ಹಿಂದೆ ಅಡಗಿದ.

ನಾನು ಕುಣಿಯಿಂದ ತಲೆ ಹೊರಹಾಕಿ ಕೇಳಿದೆ: "ಕಾಕಾ, ಇದು ಅಂಜೂದೋ, ಅಳುಕೂದೋ, ಹಿಂದೇಟು ಹಾಕೂದೋ?"

ಅಜ್ಜಿ ನಕ್ಕು ನಕ್ಕು ನೆಲದ ಮೇಲೇ ಕುಳಿತಳು. ಆಮೇಲೆ ಬಿದ್ದ ರುಮಾಲನ್ನು ಕೊಡವಿ ನನ್ನ ತಲೆಗೆ ಸುತ್ತಿದಳು. ಗಾಡಿಯ ಮುಂಭಾಗದಲ್ಲಿ ಕೂತ ನಾನು ಕಲಬುರಗಿಯ ಮೋಮಿನಪುರ ಮುಟ್ಟುವವರೆಗೂ ಅದನ್ನು ಬಿಚ್ಚಲಿಲ್ಲ.