ಸೊಪ್ಪು ಹೇಳಿಕೊಟ್ಟವರು

“ಅಯ್ಯೋ ಸಿದ್ದೇಶಣ್ಣ, ಇದೇನು ಮದ್ವೆ ಕಾರ್ಡಾ?” ಅರುಂಧತಿ ಹಣೆ ಚಚ್ಚಿಕೊಂಡಳು.

ಮದ್ದೂರು ಪೇಟೆಯಲ್ಲಿ ಲಗ್ನಪತ್ರಿಕೆ ಮಾಡಿ ಮಾಡಿ ಕೈ ಪಳಗಿದ್ದ ಸಿದ್ದೇಶ, ಅವಳ ಸಂಶೋಧನಾ ಪ್ರಬಂಧದ ಆಕರಪಟ್ಟಿಯನ್ನೂ ಹಾಗೇ ಜೋಡಿಸಿಬಿಟ್ಟಿದ್ದ. ಪುಸ್ತಕ ಬರೆದವರಿಗೆಲ್ಲ ಶ್ರೀ, ಶ್ರೀಮತಿ. ತೀರಿಹೋಗಿರಬಹುದೆಂದು ತಾನೇ ಊಹಿಸಿಕೊಂಡವರಿಗೆ ದಿವಂಗತ. ಹಿರಿಯರು ಮೇಲೆ, ಕಿರಿಯರು ಕೆಳಗೆ. ಸುತ್ತ ಬಳ್ಳಿಯ ಅಂಚು. ಪುಣ್ಯಕ್ಕೆ ಗಣಪತಿಯ ಚಿತ್ರವೊಂದನ್ನು ಹಾಕಿರಲಿಲ್ಲ.

“ಇವೆಲ್ಲ ತೆಗಿಯಣ್ಣ. ಅಕಾರಾದಿಯಲ್ಲಿ ಬರೀ ಹೆಸರು, ಪುಸ್ತಕ, ವರ್ಷ. ಸಂಜೆಯೊಳಗೆ ಮಂಡ್ಯಕ್ಕೆ ಕಳಿಸ್ದೆ ಇದ್ರೆ ವಿಚಾರಸಂಕಿರಣದಲ್ಲಿ ನನಗೆ ಓದೋಕೆ ಬುಡಲ್ಲ.”

“ತೆಗೀತೀನಿ ಬುಡವ್ವ. ಯಾರ ಎಸ್ರಾದ್ರೂ ಬುಟ್ಟೋಗದಾ ನೋಡ್ಕೊ. ಕಾರ್ಡಲ್ಲಿ ಒಂದ್ ಎಸ್ರು ಬುಟ್ಟೋದ್ರೂ ಮದ್ವೆ ಮನೇಲಿ ಜಗಳ ಆಯ್ತದೆ.”

ಆ ಮಾತು ಅರುಂಧತಿಗೆ ಚುರ್ರೆಂದಿತು. ಒಂದು ಹೆಸರು ಬಿಟ್ಟುಹೋಗಿರಲಿಲ್ಲ, ಅವಳೇ ಬೇಕೆಂದು ಬಿಟ್ಟಿದ್ದಳು. ತನ್ನೂರು ಕೊಪ್ಪದ ಹೊಲದ ಬದುಗಳಲ್ಲಿ ಸಿಗುವ ಬೆರಕೆ ಸೊಪ್ಪಿನ ಬಗ್ಗೆ ಅವಳ ಪ್ರಬಂಧ. ಅಣ್ಣೆ, ಗೋಣಿ, ಕನ್ನೆ, ಹೊನಗೊನೆ ಎಂದು ಒಂದೊಂದನ್ನೂ ಕಿತ್ತು ಕೈಗಿಟ್ಟು ತೋರಿಸಿದವಳು ಎದುರುಮನೆಯ ಮಾಯಮ್ಮ. ಆಮೇಲೆ ನಾಲೆ ನೀರಿಗೆ ಎರಡು ಮನೆಯವರೂ ಕಿತ್ತಾಡಿಕೊಂಡು ಮಾತು ಬಿಟ್ಟರು. ಅವಳ ಹೆಸರು ಹಾಕಿದರೆ ಅಪ್ಪ ಸುಮ್ಮನಿರುವವನಲ್ಲ. ಅದಕ್ಕೇ ‘ಗ್ರಾಮದ ಹಿರಿಯರೊಬ್ಬರು’ ಎಂದು ಬರೆದು ಜಾರಿಕೊಂಡಿದ್ದಳು. ಕಾಲೇಜಿನ ಮೇಡಂ ಮಾತ್ರ ಬಿಡಲಿಲ್ಲ. ಹೇಳಿದವರ ಹೆಸರು, ಒಪ್ಪಿಗೆ ಎರಡೂ ಬೇಕು, ಇಲ್ಲದಿದ್ದರೆ ಆ ಭಾಗ ತೆಗೆದುಹಾಕು ಎಂದಿದ್ದರು. ಅದನ್ನು ತೆಗೆದರೆ ಉಳಿಯುವುದೇನು, ಮಣ್ಣು!

“ಒಂದು ಹೆಸರು ಸೇರಿಸಣ್ಣ. ಮಾಯಮ್ಮ, ಕೊಪ್ಪ” ಎಂದಳು. ಬಿಳಿ ಹಾಳೆ ಮುಗಿದಿತ್ತು. ಸಿದ್ದೇಶ ಲಗ್ನಪತ್ರಿಕೆಯ ಹಳದಿ ಹಾಳೆಯಲ್ಲೇ ಆ ಪುಟದ ಪ್ರಿಂಟು ತೆಗೆದುಕೊಟ್ಟ. ಅದನ್ನೇ ಹಿಡಿದು ಅವಳು ಊರಿನ ಬಸ್ಸು ಹತ್ತಿದಳು.

ಮಾಯಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹಳದಿ ಹಾಳೆ ಕಂಡದ್ದೇ ಸೆರಗಿಗೆ ಕೈ ಒರೆಸಿಕೊಂಡು ಎದ್ದು ನಿಂತಳು. ಮಾತು ಬಿಟ್ಟ ಮನೆಯವರಾದರೇನು, ಲಗ್ನಪತ್ರಿಕೆಯನ್ನು ಕೂತು ಈಸಿಕೊಳ್ಳುವುದುಂಟೇ?

“ಮದ್ವೆ ಗೊತ್ತಾಯ್ತಾ ಮಗ? ಯಾವೂರು ಗಂಡು?”

“ಗಂಡೂ ಇಲ್ಲ, ಮದ್ವೆನೂ ಇಲ್ಲ ದೊಡ್ಡವ್ವ. ನೀ ಯೋಳ್ಕೊಟ್ಟ ಸೊಪ್ಪಿನ ವಿಚಾರ ಬರ್ದಿದೀನಿ. ನಿನ್ನ ಎಸ್ರು ಮುಚ್ಚಿಟ್ಟಿದ್ದೆ, ತಪ್ಪಾಯ್ತು. ಈಗ ಆಕಿದೀನಿ. ಒಪ್ಕೋತೀಯಾ?” ಅರುಂಧತಿ ಹಾಳೆಯನ್ನು ಮುಂದೆ ಚಾಚಿದಳು.

ಮಾಯಮ್ಮ ತನ್ನ ಹೆಸರಿನ ಮೇಲೆ ಬೆರಳಿಟ್ಟು ಓದಿದಳು. ಮುಖ ಬಿಗಿದುಕೊಂಡಿತು.

“ಒಪ್ಪಲ್ಲ ಕಣಮ್ಮಿ. ಈ ಊರ್ಗೆ ಸೊಸೆಯಾಗಿ ಬಂದಾಗ ಕಳೆ ಯಾವ್ದು ಸೊಪ್ಪು ಯಾವ್ದು ಅಂತ ನಂಗೆಲ್ಲಿ ಗೊತ್ತಿತ್ತು? ಕೈ ಇಡ್ಕೊಂಡೋಗಿ ತೋರ್ಸಿದೋಳು ನಿಮ್ಮಜ್ಜಿ ಚಿಕ್ಕಬೋರಮ್ಮ. ಅವ್ಳ ಎಸ್ರು ಮೇಲಾಕು, ಕೆಳಗೆ ನಂದಿರ್ಲಿ. ಆಗ ಒಪ್ತೀನಿ.”

ಅರುಂಧತಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅಲ್ಲೇ ನಿಂತು ಸಿದ್ದೇಶನಿಗೆ ಫೋನು ಮಾಡಿದಳು. ಬೀದಿಯಾಚೆ ತಮ್ಮ ಮನೆ ಬಾಗಿಲಲ್ಲಿ ಅಪ್ಪ ನಿಂತು ಇತ್ತಲೇ ನೋಡುತ್ತಿದ್ದ. ಅವಳು ದನಿ ತಗ್ಗಿಸಲಿಲ್ಲ.

“ಮಾಯಮ್ಮನ ಮೇಲೆ ಚಿಕ್ಕಬೋರಮ್ಮ ಅಂತ ಸೇರಿಸಣ್ಣ.”

“ಆಯ್ತವ್ವ. ಅವ್ರು ಬದ್ಕವ್ರಾ? ಇಲ್ಲ ದಿವಂಗತ ಅಂತ ಆಕ್ಲಾ?” ಸಿದ್ದೇಶನ ದನಿ ಜಗಲಿಯವರೆಗೂ ಕೇಳಿಸಿತು.

ಅಜ್ಜಿ ತೀರಿಹೋದದ್ದನ್ನು ಹೇಳಲು ಅರುಂಧತಿ ಬಾಯಿ ತೆರೆಯುವಷ್ಟರಲ್ಲಿ ಮಾಯಮ್ಮ ಒಳಕ್ಕೆ ನಡೆದಿದ್ದಳು.

“ಯಾಕೆ ದಿವಂಗತ? ಇವತ್ತೂ ಒಲೆ ಮೇಲೆ ಬೇಯ್ತಿರೋದು ಅವ್ಳ ಸೊಪ್ಪೇ ಕಣ್ಲಾ” ಎಂದು ಅಡುಗೆಮನೆಯಿಂದಲೇ ಕೂಗಿದಳು. “ತಡಿ ಮಗ, ನಿಮ್ಮಪ್ಪನ್ಗೂ ಒಂದ್ ಬಟ್ಲು ಕೊಡ್ತೀನಿ. ಅವ್ರವ್ವನ ಸಾರು, ಬ್ಯಾಡ ಅಂದಾನಾ?”