ಬೊಚ್ಚುಬಾಯಿ ಬೇಕಾಗಿದೆ

ಸಂತೆಬೀದಿಯ ಅಂಗಡಿಯಾಕೆ ದೋನ್ಯಾ ಸಾತುರ್ನಿನಾ ಆಕಳಿಸಿದ್ದೇ ತಡ, ನನ್ನ ಕೈಯಲ್ಲಿದ್ದ ಅಪಿ ಎಂಬ ಜೋಳದ ಗಂಜಿಯ ಲೋಟ ತುಳುಕಿತು. ಮೇಲೆ ಒಂದೂ ಹಲ್ಲಿಲ್ಲ, ಕೆಳಗೆ ಒಂದೂ ಇಲ್ಲ. ಮೂರು ವಾರದಿಂದ ಸೂಕ್ರೆ ಪಟ್ಟಣದ ಬೀದಿಬೀದಿ ಅಲೆದು ನಾನು ಹುಡುಕುತ್ತಿದ್ದುದು ಇಂಥದೇ ಬಾಯಿ.

ದಂತವೈದ್ಯದ ಕೊನೆಯ ವರ್ಷ. ಹಲ್ಲು ಕಟ್ಟುವ ಪರೀಕ್ಷೆಗೆ ಬೊಚ್ಚುಬಾಯಿಯ ರೋಗಿಯನ್ನು ವಿದ್ಯಾರ್ಥಿಯೇ ಹುಡುಕಿ ತರಬೇಕು. ತರದಿದ್ದರೆ ವರ್ಷ ಹೋಯಿತು. ನನ್ನದು ಈಗಾಗಲೇ ಒಂದು ಹೋಗಿತ್ತು. ಜೊತೆಯವರೆಲ್ಲ ತಂತಮ್ಮ ಅಜ್ಜಿಯರನ್ನು ಕರೆತಂದಿದ್ದರು. ನನ್ನ ಅಜ್ಜಿಗೆ ಎಂಬತ್ತೆರಡರಲ್ಲೂ ಗಟ್ಟಿ ಹಲ್ಲು; ಆ ಕಾರಣಕ್ಕೆ ಆಕೆಯ ಜೊತೆ ನಾನು ಎರಡು ದಿನ ಮಾತು ಬಿಟ್ಟದ್ದೂ ಉಂಟು.

ಬಿಳಿ ಕೋಟಿನ ಗುಂಡಿ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಹಿರಿಯ ಹೆಂಗಸರನ್ನು ಕರೆಯುವ ಗೌರವದಲ್ಲೇ ಶುರುಮಾಡಿದೆ.

"ದೋನ್ಯಾ, ನಮ್ಮ ಜನರ ಸೇವೆ ಮಾಡಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ನಿಮಗೆ ಬಿಟ್ಟಿಯಾಗಿ ಹಲ್ಲು ಕಟ್ಟಿಕೊಡೋಣ ಅಂತ..."

"ಪರೀಕ್ಷೆ ಯಾವತ್ತು?" ಆಕೆ ಸೌಟು ಆಡಿಸುತ್ತಲೇ ಕೇಳಿದಳು.

"ಮುಂದಿನ ತಿಂಗಳು ಇಪ್ಪತ್ತಕ್ಕೆ."

"ಹಾಗನ್ನು ಮತ್ತೆ. ಸೇವೆ ಗೀವೆ ಎಲ್ಲಾ ಯಾಕೆ? ಮಧ್ಯಾಹ್ನ ಆದ್ರೆ ಬರ್ತೀನಿ, ಬೆಳಗ್ಗೆ ವ್ಯಾಪಾರ ಇರುತ್ತೆ. ನಿನ್ನ ಹೆಸರೇನು ಮಗಾ?"

"ಲಿಂಬರ್ಟ್."

"ಲೋಟ ಖಾಲಿ ಮಾಡು ಲಿಂಬರ್ಟ್, ಆರಿ ಹೋಗುತ್ತೆ."

ಆರು ಸಲ ಬಂದಳು. ಮೊದಲ ಸಲ ಒಸಡಿನ ಅಚ್ಚು ತೆಗೆಯುವಾಗ ಬಾಯಿಗೆ ಎಷ್ಟು ಅಚ್ಚಿನ ಹಿಟ್ಟು ತುಂಬಿದ್ದೆನೆಂದರೆ ಅದು ಗಂಟಲಿಗೇ ಇಳಿಯಿತು. "ಮೂಗಿನಲ್ಲಿ ಉಸಿರಾಡಿ" ಎಂದು ಧೈರ್ಯ ಹೇಳಬೇಕಾದವನು "ಅಯ್ಯೋ ದೇವರೇ" ಎಂದೆ. ಬಾಯ್ತುಂಬ ಹಿಟ್ಟು ಇಟ್ಟುಕೊಂಡು ಆಕೆಯೇ ನನ್ನ ಕೈ ತಟ್ಟಿ ಸಮಾಧಾನ ಮಾಡಬೇಕಾಯಿತು. ಎರಡನೆಯ ಸಲ ಬಿಸಿ ಮೇಣದಿಂದ ಆಕೆಯ ತುಟಿ ಸುಟ್ಟೆ. ಮತ್ತೊಂದು ದಿನ, ಮಾತಿಗೆ ಏನೂ ತೋಚದೆ, ಹಲ್ಲನ್ನು ದಿನಕ್ಕೆರಡು ಬಾರಿ ಉಜ್ಜಬೇಕಾದ ಮಹತ್ವವನ್ನು ಕಾಲು ಗಂಟೆ ವಿವರಿಸಿದೆ. ಹಲ್ಲೇ ಇಲ್ಲದ ಹೆಂಗಸು ಕೊನೆಯವರೆಗೂ ತಲೆಯಾಡಿಸುತ್ತಾ ಕೇಳಿಸಿಕೊಂಡಳು.

ಪರೀಕ್ಷೆಯ ದಿನ ಪರೀಕ್ಷಕರಾದ ಡಾಕ್ಟರ್ ವಕಾಫ್ಲೋರ್ ನಾನು ಕಟ್ಟಿದ ಹಲ್ಲಿನ ಸೆಟ್ಟನ್ನು ಆಕೆಯ ಬಾಯಲ್ಲಿ ಕೂರಿಸಿ, ಒತ್ತಿ, ಅಲುಗಾಡಿಸಿ, ಹುಬ್ಬು ಗಂಟಿಕ್ಕಿದರು.

"ಎಲ್ಲಾದರೂ ನೋವಾಗ್ತಿದೆಯೇನಮ್ಮಾ?"

"ನೋವಾ? ಹುಟ್ಟಿದಾಗಿಂದ ನನ್ನ ಬಾಯಲ್ಲೇ ಇದ್ದಂಗಿದೆ ಡಾಕ್ಟ್ರೇ! ಈ ಹುಡುಗನ ಕೈ ಹೂವಿನಂಗೆ."

ಪಾಸು. ಹೊರಗೆ ಬಂದವನೇ ಅಮ್ಮನಿಗೆ ಫೋನು ಹಚ್ಚಿದೆ. "ಅಮ್ಮಾ, ಹೇಳಬಾರದು, ಆದ್ರೂ ಹೇಳ್ತೀನಿ, ನನ್ನ ಕೈಯಲ್ಲೇ ಏನೋ ಇದೆ!" ಎನ್ನುತ್ತಾ ತಿರುಗಿದರೆ, ದೋನ್ಯಾ ಸಾತುರ್ನಿನಾ ಬೆಂಚಿನ ಮೇಲೆ ಕೂತು ಎರಡೂ ಸಾಲು ಹಲ್ಲನ್ನು ಕರವಸ್ತ್ರಕ್ಕೆ ಉಗಿಯುತ್ತಿದ್ದಳು. ಜೊತೆಗೆ ಒಂದೆಳೆ ರಕ್ತ.

"ಏನಾಯ್ತು?"

"ಎಡಗಡೆ ಒಸಡು ಕೊಯ್ದು ಹಾಕ್ತು. ಮೇಲಿಂದು ಬಾಯಿ ಬಿಟ್ರೆ ಬೀಳುತ್ತೆ. ನಾಲಿಗೇಲಿ ಎತ್ತಿ ಹಿಡ್ಕೊಂಡಿದ್ದೆ."

"ಒಳಗೆ ಚೆನ್ನಾಗಿದೆ ಅಂದ್ರಲ್ಲ!"

"ನಿನಗಿಂತ ಮುಂಚೆ ನಾಲ್ಕು ಜನಕ್ಕೂ ಹಾಗೇ ಅಂದೆ. ಎಲ್ರೂ ಈಗ ಡಾಕ್ಟ್ರು. ಅವರು ಕಟ್ಟಿದ ಹಲ್ಲೆಲ್ಲಾ ಮನೇಲಿ ಬಿಸ್ಕತ್ತಿನ ಡಬ್ಬೀಲಿ ಬಿದ್ದಿವೆ."

"ಹಾಗಾದ್ರೆ ಯಾಕೆ ಬರ್ತೀರಿ?"

"ನೀವು ಬಂದು ನಿಂತ್ಕೊಳ್ಳೋ ರೀತಿ ಹಾಗಿರುತ್ತೆ ಮಗಾ. ಇಲ್ಲ ಅನ್ನೋಕೆ ಬಾಯೇ ಬರಲ್ಲ."

ಅಮ್ಮ ಇನ್ನೂ ಫೋನಿನಲ್ಲಿ "ಆ ಕೈ ಯಾರದ್ದು ಮತ್ತೆ, ನನ್ನ ಮಗನದ್ದಲ್ವಾ!" ಎನ್ನುತ್ತಿದ್ದಳು. ನಾನು ಫೋನು ಇಟ್ಟೆ. ಆರು ಸಲ ಆ ಬಾಯಿಯೊಳಗೆ ಕೈ ಹಾಕಿದ್ದೆ. ಒಂದು ಸಲವಾದರೂ "ನೋವಾಗುತ್ತಾ?" ಎಂದು ಕೇಳಿದ ನೆನಪು ಇರಲಿಲ್ಲ.

ಮುಂದಿನ ಶನಿವಾರ ಸಣ್ಣದೊಂದು ಅರ ಹಿಡಿದು ಆಕೆಯ ಅಂಗಡಿಗೆ ಹೋದೆ.

"ಪಾಸಾಯ್ತಲ್ಲ, ಇನ್ನೇನು?" ಎಂದಳು.

"ಎಲ್ಲಿ ನೋಯುತ್ತೆ, ತೋರಿಸಿ."

ಆಕೆ ನನ್ನನ್ನು ಅನುಮಾನದಿಂದ ನೋಡಿದಳು. ಕೊನೆಗೆ ಬೆರಳಿಟ್ಟು ತೋರಿಸಿದಳು. ಅಂಗಡಿಯ ಹಿಂದೆ ಜೋಳದ ಮೂಟೆಯ ಮೇಲೆ ಕೂತು ಸೆಟ್ಟಿನ ಆ ಅಂಚನ್ನು ಉಜ್ಜಿದೆ. ಹಾಕಿದಳು, ಮುಖ ಕಿವುಚಿದಳು, ತೆಗೆದಳು. ಮತ್ತೆ ಉಜ್ಜಿದೆ. ಮೇಲಿನ ಸಾಲಿಗೆ ಹೊಸದಾಗಿ ಅಚ್ಚು ತೆಗೆದು ಬೀಳದಂತೆ ಎರಡು ಸಲ ಒಳಪದರ ಹಾಕಿದೆ. ಪಕ್ಕದ ಈರುಳ್ಳಿಯವಳು ನನ್ನನ್ನು ಸಾಣೆ ಹಿಡಿಯುವವನೆಂದು ತಿಳಿದು ಒಂದು ಚಾಕು ತಂದುಕೊಟ್ಟಳು. ಅದನ್ನೂ ಉಜ್ಜಿಕೊಟ್ಟೆ. ಅದು ಮಾತ್ರ ಮೊದಲನೇ ಸಲಕ್ಕೇ ಸರಿಹೋಯಿತು.

ಏಳನೆಯ ಶನಿವಾರ ದೋನ್ಯಾ ಸಾತುರ್ನಿನಾ ಹುರಿದ ಹಂದಿಮಾಂಸದ ಒಂದು ತುಂಡು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ಎಡಗಡೆ. ಬಲಗಡೆ. ಕಣ್ಣು ಮುಚ್ಚಿಕೊಂಡಳು. ನಾನು ಹೊಗಳಿಕೆಗೆ ಕಾದೆ.

"ಉಪ್ಪು ಕಮ್ಮಿ," ಎಂದಳು. ಎರಡನೆಯ ತುಂಡು ತೆಗೆದುಕೊಂಡಳು. ಹಲ್ಲು ಮಾತ್ರ ತೆಗೆಯಲಿಲ್ಲ. ಸಂಜೆಯವರೆಗೂ ಅಲ್ಲೇ ಕೂತು ಆಕೆ ತಿನ್ನುವುದನ್ನು ನೋಡುವ ಆಸೆಯಾಯಿತು.

ಅಷ್ಟರಲ್ಲಿ ಅಂಗಡಿಯ ಮುಂದೆ ಒಬ್ಬಳು ಹುಡುಗಿ ಬಂದು ನಿಂತಳು. ಬಿಳಿ ಕೋಟು, ಕೆಂಪಾದ ಕಣ್ಣು. ಮುಂದಿನ ಪರೀಕ್ಷೆಗೆಂದು ಕರೆತಂದಿದ್ದ ರೋಗಿ ಕೈಕೊಟ್ಟು ಊರಿಗೆ ಹೋಗಿದ್ದನಂತೆ. "ದೋನ್ಯಾ, ಯಾರೋ ಹೇಳಿದ್ರು, ನಿಮಗೆ..." ಎಂದು ತನ್ನ ಬಾಯಿಯತ್ತ ಬೆರಳು ತೋರಿಸಿದಳು.

ದೋನ್ಯಾ ಸೌಟು ಬಿತ್ತೆಂಬಂತೆ ಮೇಜಿನ ಕೆಳಗೆ ಬಗ್ಗಿದಳು. ಎದ್ದಾಗ ಏಪ್ರನ್ ಜೇಬು ಉಬ್ಬಿತ್ತು, ಕೆನ್ನೆ ಒಳಗೆ ಹೋಗಿತ್ತು.

"ನೋಡು ಮಗಳೇ," ಎಂದು ಬಾಯಿ ಅಗಲಿಸಿದಳು. "ಒಂದೂ ಇಲ್ಲ."

ಹುಡುಗಿಯ ಮುಖ ಅರಳಿತು. ಆಗಷ್ಟೇ ಆಕೆಗೆ ನಾನು ಕಂಡೆ. ಮೂಟೆಯ ಮೇಲೆ, ಮೈಯೆಲ್ಲ ಸೆಟ್ಟು ಉಜ್ಜಿದ ಗುಲಾಬಿ ಬಣ್ಣದ ಪುಡಿ, ಕೈಯಲ್ಲಿ ಅರ.

"ಇವರು ಯಾರು?"

"ಇವನಾ?" ದೋನ್ಯಾ ಸಾತುರ್ನಿನಾ ಏಪ್ರನ್ ಜೇಬಿನ ಮೇಲೆ ಕೈ ಇಟ್ಟುಕೊಂಡಳು. "ಅಪಿ ಕುಡಿಯೋಕೆ ಬಂದವನು."