ಕೂತು ಕೊಟ್ಟ ಕಣ್ಣು

ಉಚ್ಚಂಗೆಮ್ಮ ಲಿಂಗೈಕ್ಯಳಾದ ಸುದ್ದಿ ಅರಸೀಕೆರೆಯ ಓಣಿಗೆ ತಿಳಿಯುವ ಮೊದಲೇ ದಾವಣಗೆರೆಯ ಕಣ್ಣಿನ ಡಾಕ್ಟರಿಗೆ ತಿಳಿದಿತ್ತು. ಬೆಳಗಿನ ಆರು ಗಂಟೆಗೆ ಗಂಡ ಗುರುಸಂಗಪ್ಪನೇ ಎಸ್.ಟಿ.ಡಿ. ಅಂಗಡಿಯ ಬಾಗಿಲು ಬಡಿದು ತೆಗೆಸಿ ಫೋನು ಮಾಡಿದ್ದ. "ಆಕಿ ಕಣ್ಣು ಬರಕೊಟ್ಟಾಳ್ರಿ. ಲಗೂನ ಬರ್ರಿ," ಎಂದಷ್ಟೇ ಹೇಳಿ ಮನೆಗೆ ಬಂದು, ಆಮೇಲೆ ಅತ್ತಿದ್ದ.

ಡಾಕ್ಟರ್ ಕಾಂತೇಶ್ ಜೀಪಿನಿಂದ ಇಳಿದಾಗ ಒಂಬತ್ತೂವರೆ. ಅಷ್ಟರೊಳಗೆ ಬಂಧುಗಳು ಉಚ್ಚಂಗೆಮ್ಮನಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿಬಿಟ್ಟಿದ್ದರು. ಅವರಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಎಡಗೈಯಲ್ಲಿ ಇಷ್ಟಲಿಂಗವನ್ನಿಟ್ಟು, ಅದನ್ನೇ ನೋಡುತ್ತಿರುವಂತೆ ಕೂಡಿಸಿ ಮಣ್ಣು ಮಾಡುತ್ತಾರೆ.

ಗುರುಸಂಗಪ್ಪ ಡಾಕ್ಟರನ್ನು ಹಿತ್ತಲಿಗೆ ಕರೆದೊಯ್ದ. ನಾಲ್ಕು ವರ್ಷದ ಹಿಂದೆ ಕೊಟ್ಟೂರಿನ ಶಿಬಿರದಲ್ಲಿ ಉಚ್ಚಂಗೆಮ್ಮನ ಕಣ್ಣಿನ ಪೊರೆ ತೆಗೆದವರು ಇದೇ ಕಾಂತೇಶ್. ಪಟ್ಟಿ ಬಿಚ್ಚಿದ ದಿನವೇ ಅವಳು ನೇತ್ರದಾನದ ಕಾಗದಕ್ಕೆ ಸಹಿ ಹಾಕಿದ್ದಳು. ಬಂಧುಗಳಾರಿಗೂ ಆ ಸಂಗತಿ ಗೊತ್ತಿರಲಿಲ್ಲ.

"ಮಂದೀನ ಹೊರಗ ಕಳಸ್ತೀನಿ, ಬಾಗಲಾ ಹಾಕ್ಕೊಂಡು ಮುಗಿಸಿಬಿಡ್ರಿ. ಕೇಳಿದ್ರೆ ಏನೋ ತಪಾಸಣಿ ಮಾಡಿದ್ರು ಅಂತೀನಿ," ಎಂದ ಗುರುಸಂಗಪ್ಪ.

"ಹಂಗ ಬರಂಗಿಲ್ರಿ ಯಜಮಾನ್ರೆ. ಅಮ್ಮಾರು ನಾಕು ಮಂದಿ ಎದುರಿಗೆ ಸಹಿ ಹಾಕ್ಯಾರ. ನಾನು ಬಾಗಲಾ ಹಾಕ್ಕೊಂಡು ತಗಂಡ್ರೆ ಅವರು ಕೊಟ್ಟಂಗ ಆಗಲ್ಲ, ನಾನು ಕದ್ದಂಗ ಆಗ್ತೈತಿ. ಮನಿಯವರಿಗೆಲ್ಲಾ ಹೇಳ್ರಿ. ಬ್ಯಾಡ ಅಂದ್ರೆ ಕೈ ಮುಗದು ಹೊಳ್ಳಿ ಹೋಗ್ತೀನಿ. ಹನ್ನೆರಡರ ತನಕ ಟೈಮ್ ಐತಿ. ಆಮ್ಯಾಲೆ ತಗಂಡ್ರೂ ಉಪಯೋಗಿಲ್ಲ."

ಬಂಧುಗಳ ಎದುರು ದನಿ ಎತ್ತಿ ಗುರುಸಂಗಪ್ಪನಿಗೆ ಅಭ್ಯಾಸವಿರಲಿಲ್ಲ. ಆ ಮನೆಯ ಮಾತನ್ನೆಲ್ಲ ಉಚ್ಚಂಗೆಮ್ಮನೇ ಆಡುತ್ತಿದ್ದಳು. ಅವನು ಪಡಸಾಲೆಗೆ ಬಂದು, ಹೆಗಲ ಮೇಲಿನ ವಲ್ಲಿಯನ್ನು ಕೈಗೆ ಸುತ್ತಿಕೊಳ್ಳುತ್ತ, ಹೇಳಿಯೇಬಿಟ್ಟ.

ಉಚ್ಚಂಗೆಮ್ಮನ ತಮ್ಮ ಗುರುಬಸವರಾಜ ದಿಗ್ಗನೆ ಎದ್ದ. "ತಲಿ ನೆಟ್ಟಗೈತೇನು ಮಾವ? ಕಣ್ಣು ಕಿತ್ತುಕೊಟ್ಟು ಕುಣಿಯಾಗ ಕೂಡಿಸಿದ್ರೆ ನಮ್ಮಕ್ಕ ಯಾವುದ್ರಿಂದ ಲಿಂಗ ನೋಡಬೇಕು? ಅದೂ ಪೊರಿ ಬಂದ ಕಣ್ಣು. ಮುಕ್ಕಾಗಿದ್ದನ್ನ ಯಾರಾದ್ರೂ ದಾನ ಕೊಡ್ತಾರೇನು?"

"ಪೊರಿ ಬಂದಿದ್ದು ಒಳಗಿನ ಮಣಿಗೆ ರೀ. ನಮಗೆ ಬೇಕಾಗಿದ್ದು ಕರಿಗುಡ್ಡಿ ಮ್ಯಾಲಿನ ತೆಳು ಪದರ. ಆಪರೇಶನ್ ಮಾಡಿದಾಗ ನಾನ ನೋಡೀನಿ, ಭಾಳ ಚಲೋ ಇತ್ತು," ಎಂದರು ಡಾಕ್ಟರು. ಮತ್ತೆ, "ಲಿಂಗದ ಮಾತಿಗೆ ಉತ್ತರ ಹೇಳಾಕೆ ನನಗೆ ಬರಂಗಿಲ್ಲ. ಅದನ್ನ ನೀವ ಹೇಳಬೇಕು," ಎಂದರು.

ಎಲ್ಲರೂ ಕ್ರಿಯೆ ನಡೆಸಲು ಬಂದಿದ್ದ ಅಯ್ಯನವರ ಮುಖ ನೋಡಿದರು. ಅಯ್ಯನವರು ಗುರುಸಂಗಪ್ಪನ ಮುಖ ನೋಡಿದರು.

"ಬಸಣ್ಣ, ನೀನು ದೀಪಾವಳಿಗೊಮ್ಮೆ ಬಂದು ಹೋಗಾವ. ನಿನಗೆ ಗೊತ್ತಿಲ್ಲ." ಗುರುಸಂಗಪ್ಪ ಮೈದುನನತ್ತ ತಿರುಗಿದ. "ಆಪರೇಶನ್‌ಗೆ ಮುಂಚೆ ಎರಡು ವರ್ಷ ನಿಮ್ಮಕ್ಕಗ ತನ್ನ ಅಂಗೈ ತನಗೆ ಕಾಣ್ತಿದ್ದಿಲ್ಲ. ದಿನಾ ಬೆರಳಿಂದ ಲಿಂಗಾನ ತಡವಿ ತಡವಿ ಪೂಜಿ ಮಾಡಿದ್ಲು. ಇಟ್ಟ ಪತ್ರಿ ನೆಲಕ್ಕ ಬೀಳ್ತಿತ್ತು, ಮತ್ತೆ ಹುಡುಕಿ ಇಡ್ತಿದ್ಲು. ಒಂದು ದಿನ ತಪ್ಪಿಸಿಲ್ಲ. ಆ ಎರಡು ವರ್ಷದ ಪೂಜೀನ ಶಿವ ಒಲ್ಲೆ ಅಂದಾನೇನು? ಅಂದಾನ ಅಂತ ಈ ಅಯ್ಯಾರ ಬಾಯಿಂದ ಹೇಳಿಸು. ಡಾಕ್ಟ್ರನ್ನ ನಾನ ಜೀಪು ಹತ್ತಿಸಿ ಬರ್ತೀನಿ."

ಗುರುಬಸವರಾಜ ಅಯ್ಯನವರತ್ತ ತಿರುಗಿದ. ಅಯ್ಯನವರು ಉಚ್ಚಂಗೆಮ್ಮನ ಮುಂದಿದ್ದ ಹೂವಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಡಾಕ್ಟರಿಗೆ ಜಾಗ ಮಾಡಿದರು.

"ಸ್ವಲ್ಪ ಮಲಗಿಸಿದ್ರೆ..." ಎಂದರು ಡಾಕ್ಟರು.

"ಅದೊಂದು ಆಗಲ್ರಿ. ಒಮ್ಮೆ ಕೂಡಿಸಿದ ಮ್ಯಾಲೆ ಮತ್ತೆ ಮಲಗಿಸಂಗಿಲ್ಲ," ಎಂದರು ಅಯ್ಯನವರು.

"ಕೂತವರಿಂದ ನಾನು ಯಾವತ್ತೂ ತಗಂಡಿಲ್ಲ." ಕಾಂತೇಶ್ ಅರೆಗಳಿಗೆ ಯೋಚಿಸಿದರು. ಚಪ್ಪಲಿ ಬಿಟ್ಟು ಬಂದು, ಕೈಗವಸು ತೊಟ್ಟು, ಉಚ್ಚಂಗೆಮ್ಮನ ಎದುರು ಮೊಣಕಾಲೂರಿದರು. "ಆಗ್ಲಿ, ಹಿಂಗ ಮಾಡತೀನಿ. ತಲಿ ಅಲುಗಬಾರದು. ಯಾರು ಹಿಡೀತೀರಿ?"

ಹೆಂಗಸರು ಸೀರೆಯೊಂದನ್ನು ಅಡ್ಡ ಹಿಡಿದರು. ಗುರುಸಂಗಪ್ಪ ಗೋಡೆಯ ಪಕ್ಕಕ್ಕೆ ಕೂತು, ಎರಡೂ ಅಂಗೈಗಳಲ್ಲಿ ಹೆಂಡತಿಯ ತಲೆಯನ್ನು ಹಿಡಿದುಕೊಂಡ. ನಲವತ್ತು ವರ್ಷದ ಸಂಸಾರದಲ್ಲಿ ನಾಲ್ಕು ಜನರ ನಡುವೆ ಅವನು ಅವಳನ್ನು ಮುಟ್ಟಿದ್ದು ಅದೇ ಮೊದಲು. ಅವನ ಕೈ ಅಲುಗಲಿಲ್ಲ.

ಸೀರೆ ಸರಿದಾಗ ಉಚ್ಚಂಗೆಮ್ಮ ಮೊದಲು ಹೇಗಿದ್ದಳೋ ಹಾಗೆಯೇ ಕಣ್ಣು ಮುಚ್ಚಿ ಕೂತಿದ್ದಳು. ಗುರುಬಸವರಾಜ ಹತ್ತಿರ ಬಂದು ಅಕ್ಕನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಡಾಕ್ಟರ ಹಿಂದೆಯೇ ಜೀಪಿನವರೆಗೆ ನಡೆದು, ಡ್ರೈವರನ ಭುಜ ತಟ್ಟಿ ಹೇಳಿದ: "ಕೆರಿ ಏರಿ ಮ್ಯಾಲೆ ಗುಂಡಿ ಭಾಳ ಅದಾವು. ನಿಧಾನ ಹೋಗಪ. ನಮ್ಮಕ್ಕನ ಕಣ್ಣು ಅವು."

ಒಳಗೆ ಅಯ್ಯನವರು ಕ್ರಿಯೆಗೆ ಅಣಿಮಾಡುತ್ತಿದ್ದರು. ಗುರುಸಂಗಪ್ಪ ಇನ್ನೂ ಹೆಂಡತಿಯ ಪಕ್ಕದಲ್ಲೇ ಕೂತಿದ್ದ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು. ಕೈ ಜೋಡಿಸಿ, ಪಕ್ಕದವರಿಗೂ ಕೇಳಿಸುವಂತೆ ಹೇಳಿದ:

"ತಂದೀ, ನನ್ನ ಹೆಣ್ತಿ ನಿನ್ನ ಕಡಿಗೆ ಬರಾಕತ್ಯಾಳ. ಕೂತಲ್ಲೇ ಕೂತು ಕರಿಬ್ಯಾಡ, ಎದ್ದು ಬಂದು ಕರಕೋ. ಆ ಜೀವಕ್ಕ ಶಾಂತಿ ಕೊಡು."